ಮೊಮ್ಮಗುವನ್ನು ನೋಡೋಕೆ ಕೋರ್ಟು ಮೆಟ್ಟಿಲು ಹತ್ತಬೇಕಾದಾಗ: ಅಜ್ಜ-ಅಜ್ಜಿಯರಿಗೊಂದು ಕೈಪಿಡಿ

"ನೀವು ಪಾರ್ಟಿನಾ?" ಬೆಂಚ್ ಕ್ಲರ್ಕ್ ಕೇಳಿದರು.

"ಅಲ್ಲಪ್ಪ, ನಾನು ಅಜ್ಜಿ."

ಕೋರ್ಟ್ ಹಾಲ್ ಹೊರಗಿನ ಬೆಂಚಿನ ಮೇಲೆ ಆಕೆ ಬೆಳಿಗ್ಗೆ ಹತ್ತೂವರೆಯಿಂದ ಕೂತಿದ್ದರು. ಮಡಿಲಲ್ಲಿ ಸ್ಟೀಲ್ ಡಬ್ಬಿ, ಅದರೊಳಗೆ ರವೆ ಉಂಡೆ. ಅವತ್ತು ಮಗನ ಡೈವೋರ್ಸ್ ಕೇಸಿನ ವಾಯಿದೆ. ಸೊಸೆ ಮಗುವನ್ನು ಕರೆದುಕೊಂಡು ಬರುತ್ತಾಳೆ ಎಂದು ಗೊತ್ತಾಗಿ ಬಂದಿದ್ದರು. ಮಗು ಬಂತು, ಮಕ್ಕಳ ಕೋಣೆಯಲ್ಲಿ ಅಪ್ಪನ ಜೊತೆ ಒಂದು ಗಂಟೆ ಆಡಿತು, ಹೋಯಿತು. ಆದೇಶದಲ್ಲಿ ತಂದೆಯ ಹೆಸರು ಮಾತ್ರ ಇತ್ತು. ಅಜ್ಜಿಯನ್ನು ಬಾಗಿಲಲ್ಲೇ ತಡೆದರು. ಡಬ್ಬಿ ಮುಚ್ಚಿದ ಹಾಗೇ ಮನೆಗೆ ವಾಪಸ್ ಹೋಯಿತು.

ಆ ಆದೇಶದಲ್ಲಿ "ತಂದೆ ಹಾಗೂ ತಂದೆಯ ಪೋಷಕರು" ಎಂದು ಮೂರು ಪದ ಜಾಸ್ತಿ ಇದ್ದಿದ್ದರೆ ಸಾಕಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಮಗನ ವಕೀಲರಿಗೆ ಹೊಳೆದಿರಲಿಲ್ಲ. ಅಜ್ಜಿಗೆ, ಕೇಳಬಹುದು ಎಂಬುದೇ ಗೊತ್ತಿರಲಿಲ್ಲ.

ಕುಟುಂಬ ನ್ಯಾಯಾಲಯದಲ್ಲಿ ಕೇಸು ನಡೆಸುವ ನನ್ನಂಥವರಿಗೆ ಇಂಥ ಡಬ್ಬಿಗಳು ಹೊಸದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೇಸಿಗೆ ವಕೀಲರ ಸಲಹೆ ಬೇಕೇ ಬೇಕು. ಆದರೆ ವಕೀಲರ ಮುಂದೆ ಕೂರುವ ಮೊದಲು ಏನು ಕೇಳಬೇಕು ಎಂಬುದಾದರೂ ನಿಮಗೆ ಗೊತ್ತಿರಲಿ.

ಮೊದಲು ಸ್ವಲ್ಪ ಕಹಿ

ನಮ್ಮ ಕಾನೂನಿನಲ್ಲಿ "ಅಜ್ಜ-ಅಜ್ಜಿಯ ಹಕ್ಕು" ಎಂದು ಬರೆದಿಟ್ಟ ಒಂದು ಸೆಕ್ಷನ್ ಇಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಮಗುವಿನ ಸಹಜ ಪೋಷಕರು ತಂದೆ ಮತ್ತು ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಆ ಪಟ್ಟಿಯಲ್ಲಿ ನೀವು ಇಲ್ಲ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಅಜ್ಜ-ಅಜ್ಜಿಯ ಜೊತೆ ಮಗು ಕಳೆಯುವ ಸಮಯದ ಬಗ್ಗೆಯೂ ಬರೆಯಿತು. ವರದಿ ಕಾಯ್ದೆಯಾಗಲಿಲ್ಲ.

ಹಾಗಾದರೆ ಬಾಗಿಲು ಎಲ್ಲಿದೆ? ಬ್ರಿಟಿಷರ ಕಾಲದ ಕಾಯ್ದೆಯೊಂದರಲ್ಲಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಗುವಿನ ಯಾವುದೇ ಸಂಬಂಧಿ ಅಥವಾ ಸ್ನೇಹಿತ ಅರ್ಜಿ ಹಾಕಬಹುದು. ಸ್ನೇಹಿತನೇ ಹಾಕಬಹುದು ಅಂದಮೇಲೆ ಅಜ್ಜಿ ಹಾಕಬಾರದಾ? 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ಮಗುವಿನ ಪೋಷಕತ್ವ, ಕಸ್ಟಡಿ, ಭೇಟಿ ಮೂರೂ ಅದೇ ಕೋರ್ಟಿನ ಕೆಲಸ.

ಬಾಗಿಲು ದಾಟಿದ ಮೇಲೆ ಜಡ್ಜ್ ಕೇಳುವುದು ಒಂದೇ: ಇದರಿಂದ ಮಗುವಿಗೇನು? ನಿಮ್ಮ ಸಂಕಟ, ನಿಮ್ಮ ಒಂಟಿತನ, ವಂಶದ ಕುಡಿ ಅನ್ನುವ ಮಾತು, ಇವೆಲ್ಲ ನಿಜವೇ ಇರಬಹುದು. ಆದರೆ ಅರ್ಜಿ ನಿಲ್ಲುವುದು ಅದರ ಮೇಲಲ್ಲ. ನಾನು ನೋಡಿದ ಮಟ್ಟಿಗೆ ಅಜ್ಜ-ಅಜ್ಜಿಯರು ಸೋಲುವುದು ಹೆಚ್ಚಾಗಿ ಇಲ್ಲೇ. ಅವರು ಮಗನ ಎರಡನೇ ಸೈನ್ಯವಾಗಿ, ಅಥವಾ ಮಗಳ ಪರ ವಕೀಲರಾಗಿ ಬರುತ್ತಾರೆ. ಅರ್ಜಿಯ ಮೊದಲ ನಾಲ್ಕು ಪುಟ ಸೊಸೆ ಎಷ್ಟು ಹೊತ್ತಿಗೆ ಏಳುತ್ತಿದ್ದಳು ಎಂಬುದರ ಬಗ್ಗೆ! ಮಗುವಿನ ಹೆಸರು ಐದನೇ ಪುಟದಲ್ಲಿ ಬರುತ್ತದೆ.

ನಿಮ್ಮ ಕೇಸು ಯಾವ ಥರದ್ದು?

ಇದನ್ನು ಮೊದಲು ತೀರ್ಮಾನ ಮಾಡಿ. ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿದೆ.

ಮಗ-ಸೊಸೆ, ಅಥವಾ ಮಗಳು-ಅಳಿಯ, ಇಬ್ಬರೂ ಇದ್ದಾರೆ, ಜಗಳ ಕೋರ್ಟಿನಲ್ಲಿದೆ. ಹೆಚ್ಚಿನವರ ಕಥೆ ಇದೇ. ಇಲ್ಲಿ ಕಸ್ಟಡಿ ಕೇಳಲು ಹೋಗಬೇಡಿ. ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರಲ್ಲ ಎಂದಾದರೆ ಬೇರೆಯವರನ್ನು ಗಾರ್ಡಿಯನ್ ಮಾಡಬಾರದು ಎಂದು 1890ರ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ನೀವು ಕೇಳಬೇಕಾದ್ದು ಭೇಟಿ. ಅದಕ್ಕೆ ಅತಿ ಸುಲಭದ ದಾರಿ ನಿಮ್ಮ ಮಗ ಅಥವಾ ಮಗಳ ಕೇಸಿನೊಳಗೇ ಇದೆ. ಅವರು ಭೇಟಿಗೆ ಹಾಕುವ ಅರ್ಜಿಯಲ್ಲೇ ನಿಮ್ಮ ಹೆಸರು ಸೇರಿಸಲಿ. ಮೀಡಿಯೇಷನ್‌ನಲ್ಲಿ (ಮಧ್ಯಸ್ಥರ ಮುಂದೆ ನಡೆಯುವ ಸಂಧಾನದಲ್ಲಿ) ಒಪ್ಪಂದ ಆಗುತ್ತಿದ್ದರೆ ಅದರಲ್ಲಿ ಒಂದು ಕಲಂ ಇರಲಿ. ಮಗನೇ ವಿದೇಶದಲ್ಲಿದ್ದರೆ, ಅಥವಾ ಮಗನಿಗೂ ನಿಮಗೂ ಮಾತಿಲ್ಲದಿದ್ದರೆ (ಅದೂ ಉಂಟು) ಆಗ ಪ್ರತ್ಯೇಕ ಅರ್ಜಿ. ಅವರ ಕೇಸಿನಲ್ಲೇ ನಿಮ್ಮನ್ನು ಪಾರ್ಟಿ ಮಾಡಿಕೊಳ್ಳಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 1 ರೂಲ್ 10ರ ಕೆಳಗೆ ಕೇಳುವುದೂ ಒಂದು ದಾರಿ. ಆದರೆ ಗಂಡ-ಹೆಂಡತಿಯ ಡೈವೋರ್ಸಿನಲ್ಲಿ ಮೂರನೆಯವರನ್ನು ತರಲು ಕೋರ್ಟುಗಳಿಗೆ ಮನಸ್ಸು ಕಡಿಮೆ. ನಾನಾದರೆ ಪ್ರತ್ಯೇಕ ಅರ್ಜಿಯನ್ನೇ ಹಾಕುತ್ತೇನೆ.

ಮಗ ಅಥವಾ ಮಗಳು ತೀರಿಕೊಂಡಿದ್ದಾರೆ, ಮಗು ಇನ್ನೊಬ್ಬ ಪೋಷಕರ ಬಳಿ ಇದೆ. ದುಃಖ ಜಾಸ್ತಿ ಇರುವ, ಹಾಗಾಗಿ ತಪ್ಪೂ ಜಾಸ್ತಿ ಆಗುವ ಕೇಸು ಇದು. ಮಗಳನ್ನು ಕಳೆದುಕೊಂಡವರಿಗೆ ಅಳಿಯನ ಮೇಲೆ ಸಿಟ್ಟಿರುತ್ತದೆ, ಮಗುವಾದರೂ ನಮಗಿರಲಿ ಅನಿಸುತ್ತದೆ. ಆದರೆ 2025ರಲ್ಲಿ ಸುಪ್ರೀಂ ಕೋರ್ಟ್ ವಿವೇಕ್ ಕುಮಾರ್ ಚತುರ್ವೇದಿ ಪ್ರಕರಣದಲ್ಲಿ ಮಗುವನ್ನು ತಾಯಿಯ ತಂದೆ-ತಾಯಿಯಿಂದ ತಂದೆಗೆ ಕೊಡಿಸಿತು. ಸಹಜ ಪೋಷಕನಾದ ತಂದೆಗಿಂತ ಹೆಚ್ಚಿನ ಹಕ್ಕು ಅಜ್ಜ-ಅಜ್ಜಿಗೆ ಇರುವುದಿಲ್ಲ ಎಂದಿತು. ಹಾಗೆಂದು ಯಾವಾಗಲೂ ತಂದೆಯೇ ಗೆಲ್ಲುತ್ತಾನೆ ಎಂದಲ್ಲ. 2008ರ ನೀಲ್ ರತನ್ ಕುಂಡು ಪ್ರಕರಣದಲ್ಲಿ ತಾಯಿ ತೀರಿಹೋಗಿದ್ದರು, ತಂದೆಯ ಮೇಲೆ ವರದಕ್ಷಿಣೆ ಸಾವಿನ ಕೇಸಿತ್ತು. ಮಗು ಅಜ್ಜ-ಅಜ್ಜಿಯ ಜೊತೆ ಬೆಳೆಯುತ್ತಿತ್ತು, ಅಲ್ಲೇ ಇರುತ್ತೇನೆ ಎಂದೂ ಹೇಳಿತ್ತು. ಅಲ್ಲಿ ಸುಪ್ರೀಂ ಕೋರ್ಟ್ ಅಜ್ಜ-ಅಜ್ಜಿಯ ಕಡೆ ನಿಂತಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಂದೆಯ ಮೇಲೆ ನಿಮಗಿರುವ ಬೇಸರ ಬೇರೆ, ಮಗುವಿಗೆ ಅವನಿಂದ ಅಪಾಯ ಇದೆ ಎಂಬುದಕ್ಕೆ ಕೋರ್ಟು ನಂಬುವ ಕಾರಣ ಬೇರೆ. ಎರಡನೆಯದು ಇಲ್ಲದಿದ್ದರೆ ಇಲ್ಲೂ ಭೇಟಿಯನ್ನೇ ಕೇಳಿ.

ಇಬ್ಬರೂ ಇಲ್ಲ. ಆಗ ನೀವು ಗಾರ್ಡಿಯನ್ ಆಗಲು ಅರ್ಜಿ ಹಾಕಬಹುದು, ಹಾಕಲೇಬೇಕು. ಸುಮ್ನೆ ಮನೆಯಲ್ಲಿಟ್ಟುಕೊಂಡು ಸಾಕಿದರೆ ಮುಂದೆ ಶಾಲೆ, ಪಾಸ್‌ಪೋರ್ಟ್, ಅಪ್ಪ-ಅಮ್ಮನ ಪಿಎಫ್, ಇನ್ಶೂರೆನ್ಸ್ ಎಲ್ಲ ಕಡೆ ತೊಡಕು. "ನಮಗೆ ವಯಸ್ಸಾಯಿತು, ಕೋರ್ಟು ಕೊಡುತ್ತಾ?" ಎಂದು ಕೇಳುತ್ತಾರೆ. ಕೋವಿಡ್ ಎರಡನೇ ಅಲೆಯಲ್ಲಿ ಅಹಮದಾಬಾದಿನ ಒಂದು ಮಗು ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡಿತು. ತಂದೆಯ ಕಡೆಯ ಅಜ್ಜನಿಗೆ 70 ದಾಟಿತ್ತು. ತಾಯಿಯ ಅಕ್ಕ-ತಂಗಿಯರಲ್ಲಿ ಒಬ್ಬರು ಸರ್ಕಾರಿ ನೌಕರಿಯಲ್ಲಿದ್ದರು, ವಯಸ್ಸೂ ಕಡಿಮೆ. ಹೈಕೋರ್ಟ್ ಅವರಿಗೆ ಕೊಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಮಗುವನ್ನು ಅಜ್ಜ-ಅಜ್ಜಿಗೆ ಕೊಟ್ಟಿತು. ವಯಸ್ಸು, ಆದಾಯ ಇವಷ್ಟನ್ನೇ ನೋಡಿ ತೀರ್ಮಾನಿಸಬಾರದು ಎಂದಿತು. ಸ್ವಾಮಿನಾಥನ್ ಕುಂಚು ಆಚಾರ್ಯ ಪ್ರಕರಣ ಅದು. ವಕೀಲರಿಗೆ ಹೆಸರು ಹೇಳಿ, ಉಳಿದದ್ದನ್ನು ಅವರು ಹುಡುಕಿಕೊಳ್ಳುತ್ತಾರೆ.

ಇನ್ನು ಹೆತ್ತವರು ಇದ್ದೂ ಮಗುವನ್ನು ನೋಡಿಕೊಳ್ಳುತ್ತಿಲ್ಲ, ಹೊಡೆತ-ಬಡಿತ ನಡೆಯುತ್ತಿದೆ ಎಂದಾದರೆ ಕುಟುಂಬ ನ್ಯಾಯಾಲಯಕ್ಕೆ ಕಾಯಬೇಡಿ. ಮೊದಲು 1098ಕ್ಕೆ ಫೋನ್ ಮಾಡಿ. ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಆದರೆ ಸೊಸೆಗೆ ಬುದ್ಧಿ ಕಲಿಸಲು ಈ ನಂಬರ್ ಬಳಸಬೇಡಿ. ಸುಳ್ಳು ದೂರು ಒಂದೇ ಒಂದು ಸಲ ಹೊರಬಿದ್ದರೂ ನಿಮ್ಮ ಭೇಟಿ ಅರ್ಜಿ ಮುಗಿದ ಹಾಗೆ.

ಮುಸ್ಲಿಂ ಕುಟುಂಬಗಳಲ್ಲಿ ಒಂದು ವ್ಯತ್ಯಾಸವಿದೆ. ಹನಫಿ ಪದ್ಧತಿಯಲ್ಲಿ ತಾಯಿ ಇಲ್ಲದಾಗ ಚಿಕ್ಕ ಮಗುವಿನ ಪಾಲನೆಗೆ ಮೊದಲು ಬರುವವರು ತಾಯಿಯ ತಾಯಿ, ಆಮೇಲೆ ತಂದೆಯ ತಾಯಿ. ಅಂದರೆ ನಾನಿಗೆ (ತಾಯಿಯ ತಾಯಿಗೆ) ಅಲ್ಲಿ ಒಂದು ಸ್ಥಾನವೇ ಇದೆ. ಅರ್ಜಿ ಮಾತ್ರ ಅದೇ 1890ರ ಕಾಯ್ದೆಯ ಕೆಳಗೆ, ಕೊನೆಯ ಮಾತು ಅಲ್ಲೂ ಮಗುವಿನ ಹಿತವೇ. ಕ್ರೈಸ್ತ ಕುಟುಂಬಗಳೂ ಇದೇ ಕಾಯ್ದೆಯಡಿ ಬರಬಹುದು.

ಕೋರ್ಟಿಗೆ ಮುಂಚೆ ಒಂದು ಪತ್ರ

ಒಂದು ಪತ್ರ ಬರೆಯಿರಿ. ವಕೀಲರ ನೋಟಿಸ್ ಅಲ್ಲ, ನೀವೇ ಕೈಯಾರೆ ಬರೆದ ಪತ್ರ, ಅಥವಾ ಒಂದು ವಾಟ್ಸಾಪ್ ಮೆಸೇಜ್. "ನಿಮ್ಮಿಬ್ಬರ ವಿಷಯಕ್ಕೆ ನಾವು ಬರೋದಿಲ್ಲ. ಪುಟ್ಟಿಯನ್ನು ತಿಂಗಳಿಗೆ ಒಂದೆರಡು ಸಲ ನೋಡಬೇಕು ಅನಿಸುತ್ತೆ. ನಿನಗೆ ಅನುಕೂಲವಾದ ದಿನ, ಅನುಕೂಲವಾದ ಜಾಗ ಹೇಳಮ್ಮ." ಇಷ್ಟೇ ಇರಲಿ. "ನಮ್ಮ ಮನೆ ಮರ್ಯಾದೆ" ಅನ್ನುವ ಮಾತು ಬೇಡ. ಒಪ್ಪಿದರೆ ಕೋರ್ಟೇ ಬೇಕಿಲ್ಲ. ಉತ್ತರ ಬರದಿದ್ದರೆ, ಬೈಗುಳವೇ ಬಂದರೆ, ನೀವು ಮರ್ಯಾದೆಯಿಂದ ಕೇಳಿದ್ದಿರಿ ಎಂಬುದಕ್ಕೆ ಅದೇ ದಾಖಲೆ. ಜಡ್ಜ್ ಓದುತ್ತಾರೆ ಎಂದುಕೊಂಡೇ ಪ್ರತಿ ಮೆಸೇಜ್ ಬರೆಯಿರಿ. ಸೊಸೆಯ ಪರವಾಗಿ ಕೋರ್ಟ್ ರಕ್ಷಣಾ ಆದೇಶ ಕೊಟ್ಟಿದ್ದರೆ ಮಾತ್ರ ಒಂದು ಮೆಸೇಜನ್ನೂ ಕಳಿಸಬೇಡಿ. ಮೊದಲು ಆ ಆದೇಶವನ್ನು ವಕೀಲರಿಗೆ ತೋರಿಸಿ.

ಎರಡನೆಯದು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲಿ ಇದರ ಕಚೇರಿ ಇರುತ್ತದೆ. ಕೇಸು ಹಾಕುವ ಮುಂಚೆಯೇ ಇಲ್ಲಿ ಒಂದು ಅರ್ಜಿ ಕೊಟ್ಟು, ಎದುರಿನವರನ್ನು ಕರೆಸಿ ಮಾತಾಡಿಸಿ ಎಂದು ಕೇಳಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಹಾಗಾಗಿ ದುಡ್ಡಿನ ತೊಂದರೆ ಇದ್ದರೆ ಅರ್ಜಿ ಅಜ್ಜಿಯ ಹೆಸರಿನಲ್ಲಿರಲಿ. ಯಜಮಾನಿಕೆಯ ಪ್ರಶ್ನೆ ಮನೆಯಲ್ಲಿ ಬಗೆಹರಿಸಿಕೊಳ್ಳಿ. ಸಹಾಯವಾಣಿ 15100.

ಮಾಡಬಾರದ್ದೂ ಇದೆ. ಶಾಲೆಯ ಗೇಟಿನ ಹತ್ತಿರ ನಿಂತು ಮಗುವನ್ನು ಕರೆಯಬೇಡಿ. ಮಗು ನಿಮ್ಮನ್ನು ನೋಡಿ ಓಡಿ ಬಂದರೂ ಸರಿ, ಅಳುತ್ತಾ ಒಳಗೆ ಓಡಿದರೂ ಸರಿ, ಎರಡೂ ನಿಮ್ಮ ವಿರುದ್ಧವೇ ಬಳಕೆಯಾಗುತ್ತದೆ. ಮಗುವನ್ನು ಹೇಳದೆ ಕರೆದೊಯ್ಯುವ ಯೋಚನೆಯಂತೂ ಬೇಡವೇ ಬೇಡ. ಮಗನೇ ಮಗುವನ್ನು ತಂದು "ನಾಲ್ಕು ದಿನ ಅಜ್ಜಿ ಊರಲ್ಲಿ ಇಟ್ಟಿರಿ" ಅಂದರೂ, "ಅವಳಿಗೆ ಹೇಳಿದ್ದೀಯೇನೋ?" ಎಂದು ಕೇಳಿ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎನ್ನುವ ಅರ್ಜಿ) ಬಿದ್ದರೆ ಪೊಲೀಸರು ಬಾಗಿಲು ತಟ್ಟುವುದು ನಿಮ್ಮ ಮನೆಯದ್ದು. ನೀವೇ ಹೇಬಿಯಸ್ ಕಾರ್ಪಸ್ ಹಾಕಿ ಬೇಗ ಮಗುವನ್ನು ತರಿಸಬಹುದು ಎಂದು ಯಾರಾದರೂ ಹೇಳಿದರೆ ಯೋಚಿಸಿ. ತಂದೆ ಅಥವಾ ತಾಯಿಯ ಬಳಿ ಇರುವ ಮಗು ಅಕ್ರಮ ಬಂಧನದಲ್ಲಿದೆ ಎಂದು ಸಾಬೀತು ಮಾಡುವುದು ಸುಲಭವಲ್ಲ. ಮಗುವನ್ನು ಚರ ಆಸ್ತಿಯ ಹಾಗೆ ಇಲ್ಲಿಂದ ಅಲ್ಲಿಗೆ ಸಾಗಿಸಲಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸೋಮಪ್ರಭಾ ರಾಣಾ ಪ್ರಕರಣದಲ್ಲಿ ಹೇಳಿದೆ.

ಅರ್ಜಿ ಹಾಕುವುದು

ಎಲ್ಲಿ? ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿ. 1890ರ ಕಾಯ್ದೆಯ 9ನೇ ಸೆಕ್ಷನ್ ಸ್ಪಷ್ಟವಾಗಿದೆ. ನೀವು ಶಿವಮೊಗ್ಗದಲ್ಲಿದ್ದು ಮೊಮ್ಮಗು ಬೆಂಗಳೂರಿನಲ್ಲಿ ಶಾಲೆಗೆ ಹೋಗುತ್ತಿದ್ದರೆ ಅರ್ಜಿ ಬೆಂಗಳೂರಿನಲ್ಲೇ. ಅಲ್ಲಿನ ಕುಟುಂಬ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ. 2007ರಲ್ಲಿ ಶುರುವಾದ ಬೆಂಗಳೂರು ಮೀಡಿಯೇಷನ್ ಕೇಂದ್ರವೂ ಅಲ್ಲೇ. ಕುಟುಂಬ ನ್ಯಾಯಾಲಯ ಇಲ್ಲದ ಊರಲ್ಲಿ ಜಿಲ್ಲಾ ಕೋರ್ಟಿನಲ್ಲಿ ವಿಚಾರಿಸಿ.

ನಿಮ್ಮ ಕೇಸಿಗೆ "ಜಿ ಅಂಡ್ ಡಬ್ಲ್ಯೂಸಿ" ಎಂದು ಶುರುವಾಗುವ ನಂಬರ್ ಬೀಳುತ್ತದೆ. ಮಗ-ಸೊಸೆಯದು "ಎಂ.ಸಿ." ನಂಬರ್. ಎರಡೂ ಒಂದೇ ಕೋರ್ಟ್ ಹಾಲಿಗೆ ಬರುವಂತೆ ಕೇಳಿಕೊಳ್ಳಿ, ಇಲ್ಲದಿದ್ದರೆ ಒಬ್ಬ ಜಡ್ಜ್ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಅವತ್ತು ಏನಾಯಿತು ಎಲ್ಲ ಕಾಣುತ್ತದೆ. ಪ್ರತಿ ಸಲ ವಕೀಲರಿಗೆ ಫೋನ್ ಮಾಡಿ ಬೈಸಿಕೊಳ್ಳುವುದು ತಪ್ಪುತ್ತದೆ.

ಗಾರ್ಡಿಯನ್ ಆಗಲು ಕೇಳುತ್ತಿದ್ದರೆ, ಜವಾಬ್ದಾರಿ ಹೊರಲು ಸಿದ್ಧ ಎಂಬ ಘೋಷಣೆಗೆ ನೀವು ಸಹಿ ಹಾಕಿ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಬೇಕು. ಇದು 10ನೇ ಸೆಕ್ಷನ್ನಿನ ಮಾತು, ಮರೆತರೆ ಅರ್ಜಿ ಕಚೇರಿ ಆಕ್ಷೇಪಣೆಯಲ್ಲೇ ಕೂರುತ್ತದೆ.

ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ನಡೆಯುವುದೇನೆಂದರೆ ಎಲ್ಲರೂ ವಕೀಲರ ಜೊತೆಯೇ ಬರುತ್ತಾರೆ. ಆದರೂ ಜಡ್ಜ್ ನೇರವಾಗಿ ನಿಮ್ಮನ್ನೇ ಮಾತಾಡಿಸಬಹುದು. ಕನ್ನಡದಲ್ಲಿ ಧಾರಾಳವಾಗಿ ಉತ್ತರ ಕೊಡಿ. "ಸ್ವಾಮಿ, ನಮ್ಮ ವಕೀಲರು ಹೇಳ್ತಾರೆ" ಎಂದು ಹಿಂದೆ ಸರಿಯಬೇಡಿ.

ಏನೇನು ಜೋಡಿಸಬೇಕು

ಪ್ರೀತಿ ಇದೆ ಎಂದು ಎಲ್ಲರೂ ಅಫಿಡವಿಟ್‌ನಲ್ಲಿ ಬರೆಯುತ್ತಾರೆ. ಒಡನಾಟ ಇತ್ತು ಎಂದು ತೋರಿಸುವವರು ಕಡಿಮೆ. ಇತ್ತೀಚೆಗೆ ಒಬ್ಬ ನಿವೃತ್ತ ಮೇಷ್ಟ್ರು ತಂದಿದ್ದು ಮೊಮ್ಮಗನ ಎಲ್‌ಕೆಜಿ ಡೈರಿ. ಪಾಲಕರ ಸಹಿ ಜಾಗದಲ್ಲಿ ವರ್ಷಪೂರ್ತಿ ಅವರದೇ ಸಹಿ. ಒಂದು ಪುಟದಲ್ಲಿ ಟೀಚರ್ ಕೆಂಪು ಇಂಕಿನಲ್ಲಿ "ದಯವಿಟ್ಟು ನೀವೇ ಹೋಂವರ್ಕ್ ಬರೆಯಬೇಡಿ, ಮಗುವಿನಿಂದ ಬರೆಸಿ" ಎಂದು ಬರೆದಿದ್ದರು. ಅದರ ಕೆಳಗೆ ಅಜ್ಜನ ಇನ್ನೊಂದು ಸಹಿ. ಜಡ್ಜ್ ನಕ್ಕರು. ನಾನು ಹತ್ತು ನಿಮಿಷ ವಾದ ಮಾಡಿ ಹೇಳಬೇಕಾದ್ದನ್ನು ಆ ಪುಟ ಹೇಳಿತು.

ಹಾಗಾಗಿ ಮನೆಯ ಕಪಾಟು ಹುಡುಕಿ. ಲಸಿಕೆ ಹಾಕಿಸಿದ ತಾಯಿ ಕಾರ್ಡ್, ಆಸ್ಪತ್ರೆ ಚೀಟಿ, ಶಾಲೆಯಿಂದ ಕರೆತರಲು ನಿಮಗೆ ಕೊಟ್ಟಿದ್ದ ಪಿಕಪ್ ಕಾರ್ಡ್, ನೀವು ಕಟ್ಟಿದ ಫೀ ರಸೀದಿ, ಹಳೆಯ ವಿಡಿಯೋ ಕಾಲ್‌ಗಳ ಪಟ್ಟಿ, ಮಗು ಬಿಡಿಸಿಕೊಟ್ಟ ಚಿತ್ರ. ಫೋಟೋ ಆರೋ ಏಳೋ ಸಾಕು, ಬೇರೆಬೇರೆ ವರ್ಷದವು. ನಾಮಕರಣದ ಆಲ್ಬಂ ಪೂರ್ತಿ ತರಬೇಡಿ. ಫೋನಿನಲ್ಲಿರುವುದನ್ನು ಪ್ರಿಂಟ್ ತೆಗೆಸಿದರೆ ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಸೇರಿಸಿ. ಕುಟುಂಬ ನ್ಯಾಯಾಲಯ ಸಾಕ್ಷ್ಯದ ನಿಯಮದಲ್ಲಿ ಸ್ವಲ್ಪ ಸಡಿಲ, ಆದರೂ ಹೈಕೋರ್ಟಿಗೆ ಹೋದಾಗ ತೊಂದರೆಯಾಗಬಾರದಲ್ವಾ?

ಗಾರ್ಡಿಯನ್ ಅಥವಾ ಕಸ್ಟಡಿ ಕೇಳುವವರು ಇದರ ಜೊತೆ ಪೆನ್ಷನ್ ದಾಖಲೆ, ಮನೆ ಪತ್ರ, ಡಾಕ್ಟರ ಆರೋಗ್ಯ ಸರ್ಟಿಫಿಕೇಟ್ ಕೊಡಬೇಕು. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. "ನಮಗೆ ಆಗದೆ ಹೋದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಉತ್ತರ ಒಂದು ಹೆಸರಾಗಿರಲಿ. "ದೇವರಿದ್ದಾನೆ" ಅಂದರೆ ಕೋರ್ಟಿಗೆ ಸಾಲದು. ಚಿಕ್ಕಪ್ಪನೋ ಅತ್ತೆಯೋ ಯಾರಾದರೂ ಸರಿ, ಅವರಿಂದಲೂ ಒಂದು ಅಫಿಡವಿಟ್ ಹಾಕಿಸಿ.

ನಿಮ್ಮ ಮೇಲೆಯೇ ಕೇಸಿದ್ದರೆ

ಇದನ್ನು ಕೇಳಲು ಜನ ನಾಚುತ್ತಾರೆ, ಹಾಗಾಗಿ ನಾನೇ ಹೇಳುತ್ತೇನೆ. ಸೊಸೆ ಹಾಕಿದ 498ಎ ಕೇಸಿನಲ್ಲಿ, ಅಂದರೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಕೇಸಿನಲ್ಲಿ (2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85) ಮಗ ಎ1 (ಮೊದಲ ಆರೋಪಿ), ನೀವು ಎ2, ಎ3 ಆಗಿರಬಹುದು. ಕೌಟುಂಬಿಕ ಹಿಂಸೆ ಕಾಯ್ದೆಯ ಕೇಸೂ ಇರಬಹುದು. ಇದರಿಂದ ಭೇಟಿ ಅರ್ಜಿಗೆ ಬಾಗಿಲು ತಾನಾಗಿ ಮುಚ್ಚುವುದಿಲ್ಲ. ಆದರೆ ಅರ್ಜಿಯಲ್ಲಿ ಆ ಕೇಸಿನ ನಂಬರ್, ಅದು ಯಾವ ಹಂತದಲ್ಲಿದೆ ಎಲ್ಲ ನೀವೇ ಬರೆಯಿರಿ. ಮುಚ್ಚಿಟ್ಟು ಎದುರಿನವರು ಹೇಳುವ ಹಾಗಾದರೆ ಜಡ್ಜ್ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಸೊಸೆಯ ದೂರು ನಿಜವಾಗಿದ್ದರೆ, ಆ ಮನೆಯಲ್ಲಿ ನಿಮ್ಮ ಕಣ್ಣ ಮುಂದೆ ಹೊಡೆತ ನಡೆದಿದ್ದು ನೀವು ಸುಮ್ಮನಿದ್ದರೆ, ಮಗುವೂ ಅದನ್ನು ನೋಡಿರುತ್ತದೆ. ಆಗ ಕೋರ್ಟಿಗಿಂತ ಮೊದಲು ಮಾತಾಡಬೇಕಾದವರು ಬೇರೆ ಇದ್ದಾರೆ. ಕ್ಷಮೆ ಕೇಳಿ ಬಂದ ಒಬ್ಬ ಅತ್ತೆಗೆ ಮೀಡಿಯೇಷನ್‌ನಲ್ಲಿ ಸೊಸೆಯೇ ಭಾನುವಾರ ಕೊಟ್ಟಿದ್ದನ್ನು ನೋಡಿದ್ದೇನೆ. ಮಗನಿಗೆ ಸಿಗಲಿಲ್ಲ, ಅಜ್ಜಿಗೆ ಸಿಕ್ಕಿತು.

ಮಧ್ಯಂತರ ಅರ್ಜಿ: ನಿಜವಾದ ಕೆಲಸ ಇಲ್ಲೇ

ಮೂಲ ಅರ್ಜಿ ತೀರ್ಮಾನವಾಗಲು ವರ್ಷಗಳು ಬೇಕು. ಮಗು ಅಷ್ಟು ದಿನ ಮೂರು ವರ್ಷದ್ದಾಗಿಯೇ ಇರುವುದಿಲ್ಲ. ಅದಕ್ಕೇ ಮೊದಲ ದಿನವೇ ಮೂಲ ಅರ್ಜಿಯ ಜೊತೆ 1890ರ ಕಾಯ್ದೆಯ 12ನೇ ಸೆಕ್ಷನ್ ಕೆಳಗೆ ಒಂದು ಐ.ಎ., ಅಂದರೆ ಮಧ್ಯಂತರ ಅರ್ಜಿ ಹಾಕಿಸಿ.

ಅದರಲ್ಲಿ ಏನು ಕೇಳುತ್ತೀರಿ ಎಂಬುದು ಬಹಳ ಮುಖ್ಯ. "ಮೊಮ್ಮಗುವಿನ ಭೇಟಿಗೆ ಸೂಕ್ತ ಅವಕಾಶ ಕೊಡಬೇಕು" ಎಂದು ಕೇಳಿದರೆ ಅಷ್ಟೇ ಅಸ್ಪಷ್ಟವಾದ ಆದೇಶ ಸಿಗುತ್ತದೆ. ಸೂಕ್ತ ಅಂದರೆ ಯಾವಾಗ? ಅವರಿಗೆ ಪ್ರತಿ ಶನಿವಾರ ಏನೋ ಒಂದು ಕೆಲಸ ಬರುತ್ತದೆ. ಹೀಗೆ ಕೇಳಿ: ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ, ಮೊದಲ ಮೂರು ತಿಂಗಳು ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಆಮೇಲೆ ಮಗುವಿನ ಮನೆ ಹತ್ತಿರದ ಪಾರ್ಕಿನಲ್ಲಿ. ಮಗುವನ್ನು ತಾಯಿ ಅಥವಾ ಅವರು ಹೇಳಿದವರು ಕರೆತರುವುದು. ಹುಷಾರಿಲ್ಲದಿದ್ದರೆ ಹಿಂದಿನ ದಿನ ಸಂಜೆಯೊಳಗೆ ಮೆಸೇಜ್, ತಪ್ಪಿದ ಭೇಟಿ ಮುಂದಿನ ಶನಿವಾರಕ್ಕೆ. ಪ್ರತಿ ಬುಧವಾರ ಸಂಜೆ 6ಕ್ಕೆ 15 ನಿಮಿಷ ವಿಡಿಯೋ ಕಾಲ್. ಯುಗಾದಿ, ಗಣೇಶನ ಹಬ್ಬ, ದೀಪಾವಳಿ ಇವುಗಳಲ್ಲಿ ಯಾವುದಾದರೂ ಒಂದು ದಿನ ಎರಡು ಗಂಟೆ. ಹುಟ್ಟುಹಬ್ಬದ ಮಾರನೆಯ ದಿನ ಒಂದು ಗಂಟೆ.

ಹುಟ್ಟುಹಬ್ಬದ ದಿನವೇ ಯಾಕೆ ಬೇಡ ಅಂತೀರಾ? ಆ ದಿನಕ್ಕೆ ಅಪ್ಪ-ಅಮ್ಮನೇ ಕಿತ್ತಾಡುತ್ತಿರುತ್ತಾರೆ. ಮಾರನೆಯ ದಿನಕ್ಕೆ ಪೈಪೋಟಿ ಇರುವುದಿಲ್ಲ, ಮಗುವಿಗೆ ಎರಡು ಹುಟ್ಟುಹಬ್ಬ.

ವಿಡಿಯೋ ಕಾಲ್ ಕೇಳಲು ಸಂಕೋಚ ಬೇಡ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿನಿಂದ ದೂರ ಇರುವ ಪೋಷಕರಿಗೆ ವಿಡಿಯೋ ಕಾಲ್ ಮೂಲಕ ಮಾತಾಡುವ ಅವಕಾಶ ಇರಬೇಕು ಎಂದಿದೆ. ಅದು ತಂದೆ-ತಾಯಿಯ ವಿಷಯದಲ್ಲಿ ಹೇಳಿದ ಮಾತು, ಆದರೆ ನಿಮ್ಮ ವಾದಕ್ಕೂ ಬಲ ಕೊಡುತ್ತದೆ.

ಅರ್ಜಿ ಹಾಕಿದ ಮೇಲೆ ಕೋರ್ಟು ನಿಮ್ಮನ್ನು ಕೌನ್ಸೆಲಿಂಗ್‌ಗೋ ಮೀಡಿಯೇಷನ್‌ಗೋ ಕಳಿಸಬಹುದು. ಇದನ್ನು ತಪ್ಪಿಸಿಕೊಳ್ಳಬೇಡಿ. ಅಲ್ಲಿ ಆಡಿದ ಮಾತು ಆಮೇಲೆ ಸಾಕ್ಷ್ಯವಾಗಿ ಬರುವುದಿಲ್ಲ, ಹಾಗಾಗಿ ಮನಬಿಚ್ಚಿ ಮಾತಾಡಬಹುದು. ಒಪ್ಪಂದವಾದರೆ ಸಹಿ ಹಾಕುವ ಮೊದಲು ದಿನ, ಗಂಟೆ, ಜಾಗ ಮೂರೂ ಬರೆದಿದೆಯಾ ನೋಡಿ.

ಜಡ್ಜ್ ಮಗುವನ್ನು ಮಾತಾಡಿಸುವಾಗ

ತನಗೇನು ಬೇಕು ಎಂದು ಹೇಳುವಷ್ಟು ಮಗು ದೊಡ್ಡದಾಗಿದ್ದರೆ ಜಡ್ಜ್ ಅದನ್ನು ಚೇಂಬರ್‌ಗೆ ಕರೆಸಿ ಕೇಳಬಹುದು. ಅದೇ 1890ರ ಕಾಯ್ದೆಯ 17ನೇ ಸೆಕ್ಷನ್ ಇದಕ್ಕೆ ಜಾಗ ಕೊಟ್ಟಿದೆ, ವಯಸ್ಸು ಇಷ್ಟೇ ಎಂದು ಬರೆದಿಲ್ಲ. ಮಗು ನಿಮ್ಮ ಬಳಿ ಇದ್ದರೆ ದಯವಿಟ್ಟು ಪಾಠ ಹೇಳಿಕೊಡಬೇಡಿ. ಏಳು ವರ್ಷದ ಹುಡುಗಿಯೊಬ್ಬಳು "ಅಪ್ಪ ನಮಗೆ ಮಾನಸಿಕ ಕಿರುಕುಳ ನೀಡುತ್ತಿದ್ದರು" ಅಂದಳಂತೆ. ಜಡ್ಜ್ "ಕಿರುಕುಳ ಅಂದ್ರೆ ಏನು ಪುಟ್ಟಾ?" ಎಂದು ಕೇಳಿದರು. ಹುಡುಗಿ ಬಾಗಿಲ ಕಡೆ ನೋಡಿದಳು. ಬಾಗಿಲಾಚೆ ಅಜ್ಜ ಇದ್ದರು.

ಮೊಮ್ಮಗು ವಿದೇಶದಲ್ಲಿದ್ದರೆ

ಮಗು ಅಲ್ಲೇ ವಾಸವಿದ್ದರೆ ಅಲ್ಲಿನ ಕಾನೂನೇ ನಡೆಯುವುದು. ಆಸ್ಟ್ರೇಲಿಯಾದಲ್ಲಿ ದಾರಿ ಸಲೀಸು. ಅಲ್ಲಿನ 1975ರ ಕುಟುಂಬ ಕಾನೂನು ಕಾಯ್ದೆಯ 65ಸಿ ಸೆಕ್ಷನ್ ಪೇರೆಂಟಿಂಗ್ ಆದೇಶಕ್ಕೆ ಅರ್ಜಿ ಹಾಕಬಹುದಾದವರ ಪಟ್ಟಿಯಲ್ಲಿ ಅಜ್ಜ-ಅಜ್ಜಿಯನ್ನು ಹೆಸರಿಟ್ಟು ಹೇಳುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೊದಲು ಸಂಧಾನಕ್ಕೆ ಪ್ರಯತ್ನಿಸಿದ ಸರ್ಟಿಫಿಕೇಟ್ ಬೇಕು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೇ ಮೊದಲು ಕೋರ್ಟಿನ ಅನುಮತಿ ಕೇಳಬೇಕು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಅಲ್ಲಿನ ಸುಪ್ರೀಂ ಕೋರ್ಟಿನ 2000ದ ಟ್ರಾಕ್ಸೆಲ್ ತೀರ್ಪಿನ ನಂತರ ಯೋಗ್ಯ ಪೋಷಕರ ತೀರ್ಮಾನಕ್ಕೆ ಅಲ್ಲಿ ವಿಶೇಷ ತೂಕ.

ಸೊಸೆಯೋ ಮಗನೋ ಮಗುವನ್ನು ಅಲ್ಲಿಂದ ಕರೆತಂದು ನಿಮ್ಮ ಮನೆಯಲ್ಲಿ ಇಳಿಸಿದ್ದರೆ, ಅಲ್ಲಿನ ಕೋರ್ಟಿನ ಆದೇಶ ಏನಿದೆ ಎಂದು ಮೊದಲು ಕೇಳಿ. ದೇಶ ದಾಟಿಸಿದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ನಂಬಬೇಡಿ. ನಮ್ಮ ಹೈಕೋರ್ಟುಗಳು, ಸುಪ್ರೀಂ ಕೋರ್ಟು ಮಗುವನ್ನು ವಾಪಸ್ ಕಳಿಸಿದ ಉದಾಹರಣೆ ಬೇಕಾದಷ್ಟಿದೆ.

ಆದೇಶ ಸಿಕ್ಕ ಮೇಲೆ

ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ, ಜೊತೆಗೆ ಎರಡು ಜೆರಾಕ್ಸ್. ಒಂದು ಯಾವಾಗಲೂ ಬ್ಯಾಗಿನಲ್ಲಿರಲಿ. ಅಂತಿಮ ತೀರ್ಪು ನಿಮ್ಮ ವಿರುದ್ಧ ಬಂದರೆ ಹೈಕೋರ್ಟಿಗೆ ಮೇಲ್ಮನವಿ 30 ದಿನದೊಳಗೆ. ಮಧ್ಯಂತರ ಆದೇಶದ ಮೇಲೆ ಈ ಮೇಲ್ಮನವಿ ಇಲ್ಲ, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ಹುಬ್ಬಳ್ಳಿ ಕಡೆಯವರು ಧಾರವಾಡ ಪೀಠಕ್ಕೆ, ರಾಯಚೂರು ಕಡೆಯವರು ಕಲಬುರಗಿ ಪೀಠಕ್ಕೆ ಹೋಗಬಹುದು.

ಭೇಟಿಗೆ ಮಗುವನ್ನು ಕರೆತರದಿದ್ದರೆ ಅಲ್ಲಿ ಜಗಳ ಬೇಡ. ಹೇಳಿದ ಸಮಯ ಮುಗಿಯುವವರೆಗೂ ಕೂತಿರಿ. ಕೋರ್ಟಿನ ಕೋಣೆಯಾದರೆ ಅಲ್ಲಿನ ಪುಸ್ತಕದಲ್ಲಿ ನೀವು ಬಂದಿದ್ದನ್ನು ಬರೆಸಿ. ಪಾರ್ಕಾದರೆ ಸಮಯ ಕಾಣುವ ಹಾಗೆ ಫೋಟೋ ತೆಗೆದುಕೊಂಡು "ನಾವು ಬಂದಿದ್ದೆವು, ಒಂದು ಗಂಟೆವರೆಗೆ ಕಾದೆವು" ಎಂದು ಮೆಸೇಜ್ ಹಾಕಿ. ಒಂದು ಸಲ ತಪ್ಪಿದರೆ ಬಿಡಿ. ಮೂರು ಸಲ ತಪ್ಪಿದರೆ ಆ ಮೂರು ತಾರೀಖು ಬರೆದು ವಕೀಲರಿಗೆ ಕೊಡಿ. ಆದೇಶ ಜಾರಿ ಮಾಡಿಸಲು ಅರ್ಜಿ ಹಾಕುವಾಗ ಅವರಿಗೆ ಬೇಕಾಗುವುದು ಆ ತಾರೀಖುಗಳೇ.

ಮೊದಲ ಭೇಟಿಯಲ್ಲಿ ಮಗು ನಿಮ್ಮ ಹತ್ತಿರ ಬರದೇ ಇರಬಹುದು. ಎರಡು ವರ್ಷ ನೋಡದ ಮಗುವಿಗೆ ನೀವು ಬರೀ ಒಬ್ಬ ಬಿಳಿ ಕೂದಲಿನವರು. ಎಳೆದು ತಬ್ಬಬೇಡಿ, ಅಳಬೇಡಿ. "ಅಮ್ಮ ಏನು ಹೇಳಿದ್ದಾಳೆ ನಮ್ಮ ಬಗ್ಗೆ?" ಅಂತೂ ಕೇಳಲೇಬೇಡಿ. ಬಣ್ಣದ ಪೆನ್ಸಿಲ್ ಒಂದು ಡಬ್ಬಿ, ಖಾಲಿ ಪುಸ್ತಕ ಒಂದು ತೆಗೆದುಕೊಂಡು ಹೋಗಿ ನೆಲದ ಮೇಲೆ ಕೂತು ನೀವೇ ಏನಾದರೂ ಬಿಡಿಸಲು ಶುರು ಮಾಡಿ. ಕೆಟ್ಟದಾಗಿ ಬಿಡಿಸಿದರೆ ಇನ್ನೂ ಒಳ್ಳೆಯದು, ಮಗು ಸರಿ ಮಾಡಲು ಬರುತ್ತದೆ. ತಿಂಡಿ ಕೊಡುವ ಮೊದಲು ಕರೆತಂದವರನ್ನು ಕೇಳಿ. ರವೆ ಉಂಡೆಯಲ್ಲಿ ಗೋಡಂಬಿ ಇರುತ್ತದೆ. ನೀವು ನೋಡದ ಈ ಎರಡು ವರ್ಷದಲ್ಲಿ ಮಗುವಿಗೆ ಅದು ಆಗದ ಹಾಗೆ ಆಗಿರಬಹುದು.